ಡಬ್ಬ ನೋಡಿ ಮೋಟಾರ್ ನಂಬಬೇಡಿ: ಸ್ಲಾಟ್ ಕಾರ್ ರೇಸಿಗೆ ನಿಯಮ ಬರೆಯುವ ಪಾಠ

ಸ್ಲಾಟ್ ಕಾರ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಟ್ರ್ಯಾಕಿನ ಪ್ರತಿ ಲೇನಿನ ನಡುವೆ ಒಂದು ಸೀಳು ಇರುತ್ತದೆ. ಕಾರಿನ ಮುಂಭಾಗದಲ್ಲಿ ಕೆಳಗೆ ಒಂದು ಸಣ್ಣ ನಾಲಿಗೆ. ಅದು ಆ ಸೀಳಿನಲ್ಲಿ ಕೂರುತ್ತದೆ. ಸೀಳಿನ ಎರಡೂ ಪಕ್ಕ ಲೋಹದ ಪಟ್ಟಿಗಳು. ಅದರಿಂದ ಕರೆಂಟ್ ಕಾರಿನ ಪುಟ್ಟ ಡಿಸಿ ಮೋಟಾರಿಗೆ ಹೋಗುತ್ತದೆ. ಸ್ಟೀರಿಂಗ್ ಇಲ್ಲ, ಬ್ರೇಕ್ ಪೆಡಲ್ ಇಲ್ಲ. ನಿಮ್ಮ ಕೈಲಿರೋದು ಒಂದು ಟ್ರಿಗರ್ ಮಾತ್ರ. ಜಾಸ್ತಿ ಒತ್ತಿದ್ರೆ ತಿರುವಿನಲ್ಲಿ ಕಾರು ಹಾರಿ ಆಚೆ ಬೀಳುತ್ತದೆ, ಕಡಿಮೆ ಒತ್ತಿದ್ರೆ ಪಕ್ಕದವನು ಮುಂದೆ ಹೋಗ್ತಾನೆ. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ 1957ರಲ್ಲಿ ಹ್ಯಾರೊಗೇಟ್ ಆಟಿಕೆ ಮೇಳಕ್ಕೆ ತಂದ ಸ್ಕೇಲೆಕ್ಸ್‌ಟ್ರಿಕ್‌ನಿಂದ ಈ ಆಟ ಮನೆಮನೆಗೆ ಹೋಯಿತು. ಈಗ ಹೆಚ್ಚಾಗಿ ಕಾಣೋದು ನಿಜವಾದ ಕಾರಿನ 32ನೇ ಒಂದು ಅಳತೆಯ ಮಾದರಿಗಳು.

ನಮ್ಮ ಗುಂಪಿನಲ್ಲಿ ಕೆಲವರು ಕಂಪಲಾಪುರ, ಪಿರಿಯಾಪಟ್ಟಣ ಕಡೆಯವರು. ಹುಣಸೂರು ದಾಟಿ ಮಡಿಕೇರಿ ರಸ್ತೆಯಲ್ಲಿ ಹೋಗುವಾಗ ಪಿರಿಯಾಪಟ್ಟಣಕ್ಕೆ ಮುಂಚೆ ಸಿಗೋ ಊರು ಕಂಪಲಾಪುರ. ರಜೆಯಲ್ಲಿ ಅಲ್ಲಿ ಹೈಸ್ಕೂಲು, ಪಿಯು ಹುಡುಗ ಹುಡುಗಿಯರಿಗೆ ನಾಲ್ಕು ಲೇನಿನ ಟ್ರ್ಯಾಕ್ ಹಾಕಿ ರೇಸ್ ನಡೆಸಬೇಕು ಅನ್ನೋದು ನಮ್ಮ ಯೋಚನೆ. ಟ್ರ್ಯಾಕ್ ಮಾಡೋದು ಕಷ್ಟವಲ್ಲ. ಪ್ಲೈವುಡ್ಡಿನಲ್ಲಿ ಸೀಳು ತೆಗೆದು ತಾಮ್ರದ ಟೇಪ್ ಅಂಟಿಸಿದರೆ ಆಯ್ತು. ಕಷ್ಟ ಇರೋದು ಒಂದು ಸಾಲಿನ ನಿಯಮದಲ್ಲಿ: ಯಾವ ಮೋಟಾರ್ ಹಾಕಬಹುದು?

ಈ ಸಾಲು ತಪ್ಪಾದರೆ ಮೊದಲು ಆಟ ಬಿಡೋದು ಯಾರು ಅಂತ ಯೋಚಿಸಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹತ್ತು ಮೋಟಾರ್ ತರಬಲ್ಲವನು ಬಿಡೋದಿಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಇರೋ ಒಂದೇ ಮೋಟಾರಿನಲ್ಲಿ ಆಡಿ, ಎರಡು ವಾರ ಕೊನೇ ಸ್ಥಾನಕ್ಕೆ ಬಂದವಳು ಮೂರನೇ ವಾರ ಬರೋದಿಲ್ಲ. ಹಾಗಾಗಿ ಮೋಟಾರ್ ನಿಯಮ ಅನ್ನೋದು ಬರೀ ತಾಂತ್ರಿಕ ವಿಷಯ ಅಲ್ಲ. ಯಾರು ಆಟದಲ್ಲಿ ಉಳೀತಾರೆ ಅನ್ನೋದನ್ನ ಅದೇ ತೀರ್ಮಾನ ಮಾಡುತ್ತದೆ.

ಹಲ್ಲು ಎಣಿಸುವ ನಿಯಮ

ಒಳ್ಳೆಯ ನಿಯಮ ಹೇಗಿರಬೇಕು ಅನ್ನೋದಕ್ಕೆ ನಮ್ಮ ಜಾತ್ರೆಗಳಲ್ಲೇ ಉದಾಹರಣೆ ಇದೆ. ಸುತ್ತೂರು ಜಾತ್ರೆಯಂಥ ದನಗಳ ಜಾತ್ರೆಗಳಲ್ಲಿ ಎತ್ತುಗಳಿಗೆ ಬಹುಮಾನ ಕೊಡುವಾಗ ವಿಭಾಗ ಮಾಡೋದು ಹಲ್ಲಿನ ಲೆಕ್ಕದಲ್ಲಿ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಎತ್ತಿನ ವಯಸ್ಸು ಎಷ್ಟು ಅಂತ ಯಜಮಾನನ್ನ ಕೇಳೋದಿಲ್ಲ. ಬಾಯಿ ಬಿಡಿಸಿ ನೋಡ್ತಾರೆ. ನೋಡೋದಕ್ಕೆ ಯಂತ್ರ ಬೇಡ, ಸುತ್ತ ನಿಂತವರಿಗೂ ಕಾಣುತ್ತದೆ, ಜಗಳಕ್ಕೆ ಜಾಗ ಕಡಿಮೆ.

ಫಾರ್ಮುಲಾ ಸ್ಟೂಡೆಂಟ್‌ಗೆ ಕಾರು ಕಟ್ಟುವ ಗೆಳೆಯರಿಗೆ ಇದೇ ಮಾತು ಬೇರೆ ರೂಪದಲ್ಲಿ ಗೊತ್ತು. ಪೆಟ್ರೋಲ್ ಕಾರಿನ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದು ಕಿಂಡಿಯ ಮೂಲಕವೇ ಹೋಗಬೇಕು. ಎಂಜಿನ್ ಒಳಗೆ ಏನೇನು ಮಾಡಿದ್ದೀರಿ ಅಂತ ಬಿಚ್ಚಿ ನೋಡೋ ಬದಲು ಒಂದು ಗೇಜ್ ತೂರಿಸಿ ನೋಡಿದರೆ ಸಾಕು. ಎಲೆಕ್ಟ್ರಿಕ್ ಕಾರಿಗಾದರೆ ಬ್ಯಾಟರಿಯಿಂದ 80 ಕಿಲೋವ್ಯಾಟಿಗಿಂತ ಹೆಚ್ಚು ಎಳೆಯಬಾರದು, ಅದನ್ನ ಅಳೆಯೋದಕ್ಕೆ ಮೀಟರ್ ಇರುತ್ತದೆ.

ಇಲ್ಲಿಂದ ನಮ್ಮ ಪಾಠದ ಮೊದಲ ಸೂತ್ರ: ರೇಸಿನ ದಿನ, ರೇಸಿನ ಜಾಗದಲ್ಲಿ, ಎಲ್ಲರ ಮುಂದೆ ಪರೀಕ್ಷಿಸೋಕೆ ಆಗದ ನಿಯಮ ನಿಯಮವೇ ಅಲ್ಲ.

ಡಬ್ಬದ ಮೇಲೆ ಬರೆದಿದ್ದು ಯಾಕೆ ಸಾಲದು

ಎಲ್ಲರಿಗೂ ಮೊದಲು ಹೊಳೆಯೋ ನಿಯಮ: "130 ಅಳತೆಯ ಮೋಟಾರ್ ಮಾತ್ರ." ಆದರೆ 130 ಅನ್ನೋದು ಹೊರಗಿನ ಡಬ್ಬದ ಅಳತೆ. ಒಳಗಿನ ವೈಂಡಿಂಗ್ ಹೇಗೆ ಬೇಕಾದರೂ ಇರಬಹುದು. ಅದೇ ಅಳತೆಯಲ್ಲಿ 3 ವೋಲ್ಟಿನ ಆಟಿಕೆ ಮೋಟಾರೂ ಸಿಗುತ್ತದೆ. ಅದನ್ನ 12 ವೋಲ್ಟಿನ ಟ್ರ್ಯಾಕಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟ ವಾಸನೆ.

ಊರಿನಲ್ಲಿ ಪಂಪ್‌ಸೆಟ್ ಇಟ್ಟುಕೊಂಡವರಿಗೆ ಇದು ಹೊಸ ವಿಷಯವೇನಲ್ಲ. ಸುಟ್ಟ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ ಬಂದ ಮೇಲೂ ನೇಮ್‌ಪ್ಲೇಟ್ ಹಳೇದೇ ಇರುತ್ತದೆ. ಒಳಗೆ ತಂತಿ ದಪ್ಪ ಎಷ್ಟು, ಸುತ್ತು ಎಷ್ಟು ಅನ್ನೋದು ಸುತ್ತಿದವರಿಗೆ ಮಾತ್ರ ಗೊತ್ತು. ಪಂಪಿನದು ಇಂಡಕ್ಷನ್ ಮೋಟಾರ್, ನಮ್ಮದು ಬ್ರಷ್ ಇರೋ ಡಿಸಿ ಮೋಟಾರ್. ಆದರೂ ಪಾಠ ಒಂದೇ. ಪ್ಲೇಟು ಹೇಳೋದು ಬೇರೆ, ತಾಮ್ರ ಮಾಡೋದು ಬೇರೆ.

ಆರ್‌ಪಿಎಂ ಮಿತಿ ಹಾಕಿದರೆ ಸಾಕಲ್ಲವೇ?

ಎರಡನೇದಾಗಿ ಹೊಳೆಯೋ ನಿಯಮ: "12 ವೋಲ್ಟಿನಲ್ಲಿ 18,000 ಆರ್‌ಪಿಎಂ ಮೀರಬಾರದು." ಟ್ಯಾಕೋಮೀಟರ್ ಹಿಡಿದರೆ ಎಲ್ಲರಿಗೂ ಕಾಣುತ್ತದೆ, ಸೂತ್ರಕ್ಕೂ ಹೊಂದುತ್ತದೆ. ಹಾಗಿದ್ರೂ ಇದರಲ್ಲಿ ಒಂದು ದೊಡ್ಡ ತೂತು ಇದೆ. ಎರಡನೇ ವರ್ಷದ ಮಷೀನ್ಸ್ ಪಾಠ ನೆನಪು ಮಾಡಿಕೊಂಡರೆ ಆ ತೂತು ಕಾಣುತ್ತದೆ.

ಡಿಸಿ ಮೋಟಾರಿನಲ್ಲಿ ಹೊರಗಿನ ವೋಲ್ಟೇಜು ಎರಡು ಪಾಲಾಗುತ್ತದೆ. ಒಂದು ಪಾಲು ಬ್ಯಾಕ್ ಇಎಂಎಫ್, ಅದು ವೇಗಕ್ಕೆ ತಕ್ಕ ಹಾಗೆ. ಇನ್ನೊಂದು ವೈಂಡಿಂಗ್ ರೆಸಿಸ್ಟೆನ್ಸಿನಲ್ಲಿ ಬೀಳೋದು, ಅದು ಕರೆಂಟಿಗೆ ತಕ್ಕ ಹಾಗೆ. ಉಜ್ಜಾಟದ ನಷ್ಟ ಬಿಟ್ಟು ಲೆಕ್ಕ ಹಾಕಿದರೆ, ಮೋಟಾರ್ ಕೊಡಬಲ್ಲ ಗರಿಷ್ಠ ಯಾಂತ್ರಿಕ ಪವರ್ ಸಿಗೋದು ಲೋಡ್ ಇಲ್ಲದ ವೇಗದ ಅರ್ಧದಲ್ಲಿ. ಅದರ ಬೆಲೆ: ವೋಲ್ಟೇಜಿನ ವರ್ಗವನ್ನು ರೆಸಿಸ್ಟೆನ್ಸಿನ ನಾಲ್ಕರಷ್ಟರಿಂದ ಭಾಗಿಸಿದಷ್ಟು. ಈ ಸೂತ್ರದಲ್ಲಿ ಆರ್‌ಪಿಎಂ ಎಲ್ಲೂ ಇಲ್ಲ ಅನ್ನೋದನ್ನ ಗಮನಿಸಿ.

ಒಂದು ಲೆಕ್ಕ ಮಾಡೋಣ. ಮೋಟಾರ್ 12 ವೋಲ್ಟಿನದು, ಲೋಡ್ ಇಲ್ಲದಾಗ 18,000 ಆರ್‌ಪಿಎಂ, ರೆಸಿಸ್ಟೆನ್ಸ್ 4 ಓಮ್, ಸುತ್ತು 100 ಅಂತ ಇಟ್ಕೊಳ್ಳಿ. ಗರಿಷ್ಠ ಪವರ್ 144 ಭಾಗಿಸು 16, ಅಂದ್ರೆ 9 ವ್ಯಾಟ್.

ಈಗ ಒಬ್ಬ ಜಾಣ ಸುತ್ತನ್ನು 87ಕ್ಕೆ ಇಳಿಸ್ತಾನೆ. ಸುತ್ತು ಕಡಿಮೆಯಾದರೆ ವೇಗ ಏರಬೇಕು, ಸಿಕ್ಕಿಬೀಳಬೇಕು. ಆದರೆ ಅವನು ಜೊತೆಗೆ 15 ಶೇಕಡ ಬಲವಾದ ಮ್ಯಾಗ್ನೆಟ್ಟೂ ಹಾಕ್ತಾನೆ. 0.87 ಗುಣಿಸು 1.15 ಹೆಚ್ಚುಕಡಿಮೆ 1. ಹಾಗಾಗಿ ಟ್ಯಾಕೋಮೀಟರಿನಲ್ಲಿ ಅದೇ 18,000. ಇತ್ತ ಅದೇ ಜಾಗದಲ್ಲಿ ಕಡಿಮೆ ಸುತ್ತು ಇರೋದರಿಂದ ದಪ್ಪ ತಂತಿ ಹಿಡಿಯುತ್ತದೆ. ಉದ್ದ ಕಡಿಮೆ, ದಪ್ಪ ಜಾಸ್ತಿ. ಎರಡೂ ಸೇರಿ ರೆಸಿಸ್ಟೆನ್ಸ್ ಸುತ್ತಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 4 ಓಮ್ ಇದ್ದಿದ್ದು ಸುಮಾರು 3 ಓಮ್ ಆಗುತ್ತದೆ. ಪವರ್ 9 ವ್ಯಾಟಿನಿಂದ ಸುಮಾರು 12 ವ್ಯಾಟ್! ಮೂರನೇ ಒಂದು ಭಾಗ ಹೆಚ್ಚು ಶಕ್ತಿ, ನಿಯಮ ಒಂಚೂರೂ ಮುರಿದಿಲ್ಲ. ತಿರುವಿನಿಂದ ಹೊರಬರುವಾಗ ಆ ಕಾರು ಬಾಣದ ಹಾಗೆ ಹೋಗುತ್ತದೆ.

ಗೇರ್ ನಿಯಮವೂ ಇದಕ್ಕೆ ಅಂಟಿಕೊಂಡಿದೆ. ಗೇರ್ ಅನುಪಾತ ಮುಕ್ತವಾಗಿದ್ದರೆ ನಿಧಾನದ ಮೋಟಾರಿಗೆ ಉದ್ದ ಗೇರ್ ಹಾಕಿ ವೇಗ ಸರಿಮಾಡಿಕೊಳ್ಳಬಹುದು. ಆಗ ಆರ್‌ಪಿಎಂ ಮಿತಿಗೆ ಅರ್ಥವೇ ಉಳಿಯೋದಿಲ್ಲ, ರೆಸಿಸ್ಟೆನ್ಸ್ ಮಿತಿ ಮಾತ್ರ ಕೆಲಸ ಮಾಡುತ್ತದೆ. ಆರ್‌ಪಿಎಂ ಮಿತಿ ಬೇಕು ಅಂದ್ರೆ ಗೇರನ್ನೂ ಕಟ್ಟಿಹಾಕಬೇಕು. ಮೋಟಾರಿನಲ್ಲಿ 9 ಹಲ್ಲು, ಆಕ್ಸಲ್‌ನಲ್ಲಿ 27 ಹಲ್ಲು ಅಂತ ಬರೆದುಬಿಟ್ಟರೆ ಇಲ್ಲೂ ಹಲ್ಲು ಎಣಿಸಿದರೆ ಮುಗೀತು.

ಒಂದೇ ಕಂಪನಿಯ ಮೋಟಾರ್ ಅಂತ ಬರೆದರೆ?

"ಇಂಥ ಕಂಪನಿಯ, ಇಂಥ ನಂಬರಿನ ಮೋಟಾರ್, ಡಬ್ಬ ಬಿಚ್ಚಿರಬಾರದು." ಸೀಲ್ ಮಾಡಿದ ಎಂಜಿನ್ ಅನ್ನೋದು ಕಾರ್ಟಿಂಗ್‌ನಲ್ಲಿ ಒಪ್ಪಿತವಾದ ದಾರಿ. ರೋಟ್ಯಾಕ್ಸ್ ಮ್ಯಾಕ್ಸ್ ವಿಭಾಗದಲ್ಲಿ ಎಂಜಿನ್ನಿಗೆ ನಂಬರ್ ಇರೋ ಸೀಲ್ ಹಾಕಿರ್ತಾರೆ. ನಮ್ಮ ಪುಟ್ಟ ಮೋಟಾರಿನಲ್ಲಿ ಡಬ್ಬದ ಮಡಿಚಿದ ಕಿವಿಗಳ ಮೇಲೆ ಒಂದು ತೊಟ್ಟು ನೇಲ್ ಪಾಲಿಶ್ ಹಾಕಿದರೆ ಅದೇ ಸೀಲ್. ಬಿಚ್ಚಿದರೆ ಬಿರುಕು ಬಿಡುತ್ತದೆ.

ಇದರಿಂದ ರಿವೈಂಡಿಂಗ್ ನಿಲ್ಲುತ್ತದೆ, ದುಡ್ಡಿನ ಆಟ ನಿಲ್ಲೋದಿಲ್ಲ. ಒಂದೇ ಪೆಟ್ಟಿಗೆಯಿಂದ ತೆಗೆದ ಮೋಟಾರುಗಳೂ ಒಂದೇ ಸಮ ಇರೋದಿಲ್ಲ. ವೇಗದಲ್ಲಿ ಸ್ಟಾಂಡರ್ಡ್ ಡೀವಿಯೇಶನ್ 3 ಶೇಕಡ ಅಂತ ಊಹಿಸಿ, ಅಂದ್ರೆ 540 ಆರ್‌ಪಿಎಂ. ನಾರ್ಮಲ್ ಹಂಚಿಕೆಯಲ್ಲಿ ಹತ್ತು ತೆಗೆದರೆ ಅದರಲ್ಲಿ ಅತಿ ಹೆಚ್ಚಿನದು ಸರಾಸರಿಗಿಂತ ಸುಮಾರು 1.54 ಡೀವಿಯೇಶನ್ ಮೇಲಿರುತ್ತದೆ. ಅಂದ್ರೆ ಹತ್ತು ಮೋಟಾರ್ ಕೊಂಡು ಒಂದನ್ನು ಆರಿಸಿದವನಿಗೆ ಸುಮಾರು 830 ಆರ್‌ಪಿಎಂ ಪುಕ್ಕಟೆ. ಪುಕ್ಕಟೆ ಅಲ್ಲ, ಒಂಬತ್ತು ಮೋಟಾರಿನ ದುಡ್ಡಿಗೆ. ಒಂದೇ ಮೋಟಾರ್ ಕೊಂಡವಳು ಅಷ್ಟು ಹಿಂದೆ.

ಇದಕ್ಕೆ ಮದ್ದು ಎರಡು. ಒಂದು, ಹೊರದೇಶದ ಮಣ್ಣಿನ ಟ್ರ್ಯಾಕಿನ ಕಾರ್ ರೇಸ್‌ಗಳಲ್ಲಿ, ಕುದುರೆ ರೇಸ್‌ಗಳಲ್ಲಿ ಬಳಸೋ ಕ್ಲೇಮ್ ನಿಯಮ: ಗೊತ್ತುಮಾಡಿದ ಬೆಲೆ ಕೊಟ್ಟು ಬೇರೆಯವರು ರೇಸಿನಲ್ಲಿ ಓಡಿದ ಎಂಜಿನ್ ಅಥವಾ ಕುದುರೆಯನ್ನು ಕೊಳ್ಳಬಹುದು. ಆಗ ಯಾರೂ ಅದರ ಮೇಲೆ ಅತಿಯಾಗಿ ದುಡ್ಡು ಸುರಿಯೋದಿಲ್ಲ. ಜಾಣ ನಿಯಮ, ಆದರೆ ಸಣ್ಣ ಊರಲ್ಲಿ, ಒಬ್ಬರಿಗೊಬ್ಬರು ಗೊತ್ತಿರೋ ಮಕ್ಕಳ ನಡುವೆ ಇದು ಮನಸ್ತಾಪಕ್ಕೆ ದಾರಿ.

ಇನ್ನೊಂದು, ಮೋಟಾರ್ ಸಂಘದ್ದೇ ಆಗಿರೋದು. ರೇಸಿನ ಬೆಳಿಗ್ಗೆ ಚೀಟಿ ಎತ್ತಿ ಹಂಚೋದು, ಸಂಜೆ ವಾಪಸ್ ತಗೊಳ್ಳೋದು. ಕಂಪಲಾಪುರದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ನೋಡಿದವರಿಗೆ ಇದರ ತರ್ಕ ತಕ್ಷಣ ಹೊಳೆಯುತ್ತದೆ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾಗಿದ್ದು 1984ರಲ್ಲಿ. ಅಲ್ಲಿ ತೂಕದ ಯಂತ್ರ ಮಾರುವ ರೈತನದೂ ಅಲ್ಲ, ಕೊಳ್ಳುವ ಕಂಪನಿಯದೂ ಅಲ್ಲ, ಮಂಡಳಿಯದು. ತಕ್ಕಡಿ ಯಾರ ಕೈಲಿ ಇರಬೇಕು ಅನ್ನೋದೇ ಅರ್ಧ ನ್ಯಾಯ. ಹಾಗೇ ನಮ್ಮಲ್ಲೂ ಮೋಟಾರ್ ಪೆಟ್ಟಿಗೆ ಇಟ್ಟುಕೊಂಡವರು ಆ ದಿನ ರೇಸಿಗೆ ಇಳಿಯಬಾರದು. ಇಲ್ಲದಿದ್ರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಅಳೆಯೋದಾದರೆ ಹೀಗೆ ಅಳೆಯಿರಿ

ಯಾವ ದಾರಿ ಹಿಡಿದರೂ ಎರಡು ಸಂಖ್ಯೆ ಬೇಕೇ ಬೇಕು: ಲೋಡ್ ಇಲ್ಲದ ವೇಗ ಮತ್ತು ರೆಸಿಸ್ಟೆನ್ಸ್. ಎರಡನ್ನೂ ನಮ್ಮ ಲ್ಯಾಬಿನ ಸಾಮಾನಿನಲ್ಲೇ ಅಳೆಯಬಹುದು.

ವೇಗಕ್ಕೆ ಆಪ್ಟಿಕಲ್ ಟ್ಯಾಕೋಮೀಟರ್ ಇದ್ದರೆ ಒಳ್ಳೇದು. ಇಲ್ಲದಿದ್ರೆ ಮೋಟಾರಿನ ಸಾಲಿನಲ್ಲಿ ಒಂದು ಸಣ್ಣ ರೆಸಿಸ್ಟರ್ ಹಾಕಿ ಅದರ ಮೇಲಿನ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ನೋಡಿ. ಮೂರು ಪೋಲಿನ ಆರ್ಮೇಚರ್ ಒಂದು ಸುತ್ತಿಗೆ ಆರು ಸಲ ಕರೆಂಟನ್ನು ಏರಿಳಿಸುತ್ತದೆ. 18,000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 300 ಸುತ್ತು, ಅಂದ್ರೆ 1,800 ಹರ್ಟ್ಸ್. ರೆಸಿಸ್ಟರ್ ಮೇಲೆ ಬೀಳೋ ವೋಲ್ಟೇಜು ಬಿಟ್ಟು ಮೋಟಾರಿನ ತುದಿಯಲ್ಲಿ ಸರಿಯಾಗಿ 12 ವೋಲ್ಟ್ ಇರೋ ಹಾಗೆ ನೋಡಿಕೊಳ್ಳಿ.

ರೆಸಿಸ್ಟೆನ್ಸನ್ನು ಮಲ್ಟಿಮೀಟರಿನ ಓಮ್ ಸ್ಥಾನದಲ್ಲಿ ಅಳೆಯಬೇಡಿ. 4 ಓಮಿನಲ್ಲಿ ಪ್ರೋಬ್ ವೈರಿನ ರೆಸಿಸ್ಟೆನ್ಸೂ ಲೆಕ್ಕಕ್ಕೆ ಬರುತ್ತದೆ. ಪವರ್ ಸಪ್ಲೈನಲ್ಲಿ ಕರೆಂಟ್ ಮಿತಿಯನ್ನು 0.5 ಆಂಪಿಯರ್‌ಗೆ ಇಡಿ, ಶಾಫ್ಟ್ ತಿರುಗದ ಹಾಗೆ ಹಿಡಿದುಕೊಳ್ಳಿ, ಮೋಟಾರಿನ ತುದಿಗಳಲ್ಲೇ ವೋಲ್ಟೇಜ್ ಓದಿ. 2 ವೋಲ್ಟ್ ಬಂದರೆ 4 ಓಮ್. ಬ್ರಷ್ ಕಮ್ಯುಟೇಟರಿನ ಮೇಲೆ ಎಲ್ಲಿ ನಿಂತಿದೆ ಅನ್ನೋದರ ಮೇಲೆ ಈ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಆರು ಕಡೆ ಓದಿ ಸರಾಸರಿ ತೆಗೆಯಿರಿ.

ಮೋಟಾರ್ ತಣ್ಣಗಿರಬೇಕು ಅನ್ನೋದು ಮುಖ್ಯ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡ ಏರುತ್ತದೆ. 25 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ 10 ಶೇಕಡ. 3.65 ಓಮಿನ ಮೋಟಾರನ್ನು ಬಿಸಿ ಮಾಡಿ ತಂದರೆ 4 ಓಮ್ ಅಂತಲೇ ತೋರಿಸುತ್ತದೆ! ಅದಕ್ಕೇ ಅಳೆಯೋ ಮುಂಚೆ ಎಲ್ಲಾ ಮೋಟಾರುಗಳನ್ನ ಅರ್ಧ ಗಂಟೆ ಒಂದೇ ಮೇಜಿನ ಮೇಲೆ ಬಿಡಬೇಕು.

ಇನ್ನೊಂದು ಮಾತು. ನಿಮ್ಮ ಅಳತೆಯಲ್ಲೇ 2 ಶೇಕಡ ಹೆಚ್ಚುಕಡಿಮೆ ಇದ್ದರೆ, ಮಿತಿಯಲ್ಲಿ ಅದಕ್ಕಿಂತ ಹೆಚ್ಚು ಸಡಿಲ ಇರಬೇಕು. ಪ್ರಾಮಾಣಿಕವಾಗಿ ತಂದ ಮೋಟಾರನ್ನು ಮೀಟರಿನ ತಪ್ಪಿಗೆ ಹೊರಗೆ ಹಾಕಿದರೆ ಆ ಮಗು ಮತ್ತೆ ಬರೋದಿಲ್ಲ.

ಕರೆಂಟೂ ನಿಯಮದ ಭಾಗವೇ

ಮೋಟಾರ್ ಸಮ ಮಾಡಿ ಲೇನಿನ ವೋಲ್ಟೇಜ್ ಮರೆತರೆ ಎಲ್ಲಾ ನೀರಲ್ಲಿ ಹೋಮ. ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ. ಒಂದು ಲೇನಿನಲ್ಲಿ 12ರ ಬದಲು 11 ವೋಲ್ಟ್ ಬಂದರೆ ಪವರ್ 16 ಶೇಕಡ ಇಳಿಯಿತು. ನಮ್ಮ 4 ಓಮಿನ ಮೋಟಾರ್ ನಿಂತಲ್ಲಿಂದ ಹೊರಡುವಾಗ 3 ಆಂಪಿಯರ್ ಎಳೆಯುತ್ತದೆ, ನಾಲ್ಕೂ ಸೇರಿದರೆ 12. ಸಪ್ಲೈ ಅಷ್ಟು ಕೊಡಬೇಕು, ಟೇಪಿಗೆ ಎರಡು ಮೂರು ಕಡೆ ದಪ್ಪ ವೈರ್ ಬೆಸುಗೆ ಹಾಕಬೇಕು, ಪ್ರತಿ ಲೇನಿಗೂ ಫ್ಯೂಸ್ ಇರಬೇಕು. ಕಾರು ಸಿಕ್ಕಿಹಾಕಿಕೊಂಡಾಗ ಟ್ರಿಗರ್ ಒತ್ತಿಯೇ ಹಿಡಿದರೆ 36 ವ್ಯಾಟ್ ಪೂರ್ತಿ ಬಿಸಿಯಾಗಿ ಆ ಪುಟ್ಟ ಡಬ್ಬದೊಳಗೇ ಉಳಿಯುತ್ತದೆ. ಕರೆಂಟ್ ಹೋಗಿ ಬರೋ ಊರಲ್ಲಿ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಇಟ್ಟುಕೊಳ್ಳೋದು ವಾಸಿ. ಒಂದು ಹೀಟಿನ ಮಟ್ಟಿಗೆ ವೋಲ್ಟೇಜೂ ಹೆಚ್ಚು ಅಲುಗೋದಿಲ್ಲ.

ನಮ್ಮ ಆಯ್ಕೆ: ಮೂರು ಮೆಟ್ಟಿಲು

ಇಷ್ಟೆಲ್ಲ ತೂಗಿ ನೋಡಿದ ಮೇಲೆ, ಮೊದಲ ವರ್ಷಕ್ಕೆ ನಾವು ಆರಿಸಿದ್ದು ಮೋಟಾರ್ ನಿಯಮವೇ ಬೇಡದ ದಾರಿ. ಎಲ್ಲಾ ಮೋಟಾರನ್ನೂ ಸಮ ಮಾಡೋಕೆ ಹೆಣಗೋ ಬದಲು, ಎಲ್ಲರಿಗೂ ಎಲ್ಲಾ ಮೋಟಾರ್ ಸಿಗೋ ಹಾಗೆ ಮಾಡಿದರೆ?

ಸಂಘದ ನಾಲ್ಕು ಕಾರು, ಲೇನಿಗೊಂದು. ಕಾರು ಲೇನ್ ಬಿಟ್ಟು ಕದಲೋದಿಲ್ಲ, ಓಡಿಸುವವರು ಬದಲಾಗ್ತಾರೆ. ಕಮಲ, ರವಿ, ಸಲ್ಮಾ, ಮಹೇಶ ಅಂತ ನಾಲ್ವರು ಇದ್ದಾರೆ ಅಂದ್ಕೊಳ್ಳಿ. 1ರಿಂದ 4ನೇ ಲೇನಿನ ಸಾಲು ಹೀಗೆ:

ಮೊದಲ ಹೀಟ್: ಕಮಲ, ರವಿ, ಸಲ್ಮಾ, ಮಹೇಶ
ಎರಡನೇ ಹೀಟ್: ಮಹೇಶ, ಕಮಲ, ರವಿ, ಸಲ್ಮಾ
ಮೂರನೇ ಹೀಟ್: ಸಲ್ಮಾ, ಮಹೇಶ, ಕಮಲ, ರವಿ
ನಾಲ್ಕನೇ ಹೀಟ್: ರವಿ, ಸಲ್ಮಾ, ಮಹೇಶ, ಕಮಲ

ಪ್ರತಿ ಹೀಟ್ ಮೂರು ನಿಮಿಷ. ನಾಲ್ಕು ಹೀಟಿನ ಒಟ್ಟು ಸುತ್ತು ಹೆಚ್ಚಿದ್ದವರು ಗೆದ್ದರು. ಅಂಕಿಅಂಶ ಓದಿದವರಿಗೆ ಇದು ಲ್ಯಾಟಿನ್ ಸ್ಕ್ವೇರ್ ಅಂತ ಗೊತ್ತಾಗುತ್ತದೆ. 2ನೇ ಲೇನಿನ ಮೋಟಾರ್ ಮಂದ ಆಗಿದ್ದರೆ ಅದು ನಾಲ್ವರಿಗೂ ಒಂದೊಂದು ಸಲ ಬರುತ್ತದೆ. ಮೋಟಾರ್ ಬಿಸಿಯಾಗಿ ನಾಲ್ಕನೇ ಹೀಟಿನಲ್ಲಿ ನಿಧಾನವಾದರೆ ಅದೂ ಎಲ್ಲರಿಗೂ ಒಟ್ಟಿಗೇ ಆಗುತ್ತದೆ. ಉಳಿಯೋ ವ್ಯತ್ಯಾಸ ಬೆರಳಿನದು, ಜೇಬಿನದಲ್ಲ. ಖರ್ಚು ನಾಲ್ಕು ಕಾರು, ಎರಡು ಹೆಚ್ಚುವರಿ ಮೋಟಾರ್, ಅಷ್ಟೇ.

ಎರಡನೇ ಮೆಟ್ಟಿಲಿನಲ್ಲಿ ಕಾರು ಅವರವರದು, ಮೋಟಾರ್ ಸಂಘದ್ದು. 24 ಮೋಟಾರ್ ತಂದು, ಕಡಿಮೆ ವೋಲ್ಟೇಜಿನಲ್ಲಿ ಸ್ವಲ್ಪ ಹೊತ್ತು ಓಡಿಸಿ ಬ್ರಷ್ ಕೂರಿಸಿ, ಅಳೆದು, ನಂಬರ್ ಹಾಕಿ, ವೇಗದ ಸಾಲಿನಲ್ಲಿ ನಾಲ್ಕು ನಾಲ್ಕರ ಆರು ಗುಂಪು ಮಾಡೋದು. ಒಟ್ಟಿಗೆ ಓಡೋ ನಾಲ್ವರಿಗೆ ಒಂದೇ ಗುಂಪಿನ ಮೋಟಾರ್, ಚೀಟಿ ಎತ್ತಿ. ರೆಸಿಸ್ಟೆನ್ಸಿನಲ್ಲಿ ಬಹಳ ಆಚೀಚೆ ಇರೋದು ಅಭ್ಯಾಸಕ್ಕೆ. ಅಳತೆಯ ಪಟ್ಟಿಯನ್ನ ಗೋಡೆಗೆ ಅಂಟಿಸಬೇಕು, ಯಾರು ಬೇಕಾದರೂ ಮತ್ತೆ ಅಳೆದು ನೋಡಬಹುದು.

ಮೂರನೇ ಮೆಟ್ಟಿಲು ಸುತ್ತುವವರ ವಿಭಾಗ. ಇದನ್ನ ಬಿಡೋಕೆ ನಮಗೆ ಮನಸ್ಸಿಲ್ಲ. ಯಾಕಂದ್ರೆ ರಿವೈಂಡಿಂಗ್ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ತಂತಿ ಸುತ್ತೋದು ಕಲಿತ ಹುಡುಗನ ಕೈಚಳಕವನ್ನ ಮೋಸ ಅಂತ ಕರೆದು ಹೊರಗಿಡೋದು ಎಂಜಿನಿಯರಿಂಗ್ ಓದೋರು ಮಾಡೋ ಕೆಲಸವಲ್ಲ. ಇಲ್ಲಿ ನಿಯಮ ಮೂರೇ ಸಾಲು:

ತಣ್ಣಗಿರುವಾಗ ರೆಸಿಸ್ಟೆನ್ಸ್ 3.8 ಓಮಿಗಿಂತ ಕಡಿಮೆ ಇರಬಾರದು.
12 ವೋಲ್ಟಿನಲ್ಲಿ ಲೋಡ್ ಇಲ್ಲದ ವೇಗ 18,500 ಆರ್‌ಪಿಎಂ ಮೀರಬಾರದು, ಗೇರ್ 9ಕ್ಕೆ 27.
ಅಳತೆ ರೇಸಿಗೆ ಮುಂಚೆ ಎಲ್ಲರ ಮುಂದೆ, ಗೆದ್ದ ಮೋಟಾರಿನದು ತಣ್ಣಗಾದ ಮೇಲೆ ಇನ್ನೊಮ್ಮೆ.

ಒಳಗೆ ಏನು ಬೇಕಾದರೂ ಮಾಡಿಕೊಳ್ಳಲಿ. ವೇಗ, ಪವರ್ ಎರಡಕ್ಕೂ ಬೇಲಿ ಇದೆ. ಆ ಬೇಲಿಯೊಳಗೆ ಬ್ಯಾಲೆನ್ಸ್, ಬ್ರಷ್, ಉಜ್ಜಾಟ ಸರಿಮಾಡಿಕೊಂಡವರು ಗೆಲ್ತಾರೆ. ಅದು ಕಲಿಕೆಯ ಗೆಲುವು.

ನಮ್ಮ ಕಾಲೇಜಿನ ಬೇರೆ ಸ್ಪರ್ಧೆಗಳಿಗೂ, ರೋಬೋ ರೇಸ್ ಇರಲಿ, ಲೈನ್ ಫಾಲೋಯರ್ ಇರಲಿ, ನಿಯಮ ಬರೆಯೋಕೆ ಕೂತಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನ ಎಲ್ಲರ ಮುಂದೆ ಅಳೆಯಬಹುದಾ? ಅಳೆಯೋ ತಕ್ಕಡಿ ಯಾರ ಕೈಲಿದೆ? ಹತ್ತು ಪಟ್ಟು ದುಡ್ಡು ಇದ್ದವನಿಗೆ ಇದರಿಂದ ಎಷ್ಟು ಲಾಭ? ಮೂರನೇದಕ್ಕೆ ಉತ್ತರ "ಬಹಳ" ಅಂತ ಬಂದರೆ ನಿಯಮ ಹರಿದುಹಾಕಿ, ಹೊಸದಾಗಿ ಬರೆಯಿರಿ.